ರೈಲು ಬಾರದ ದಾರಿಯಲ್ಲಿ ಸೈಕಲ್ ಸವಾರಿ

ಸೈಕಲ್ಲಿನಲ್ಲಿ ಶಾಲೆಗೆ ಬರುವಾಗ ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ಎದೆ ಝಲ್ ಅನ್ನುತ್ತದೆ, ಅಲ್ಲವೇ? ಸೈಕಲ್ಲಿಗೂ ನಡೆಯುವವರಿಗೂ ಮಾತ್ರ ಮೀಸಲಾದ ದಾರಿಗಳು ಸ್ಪೇನ್ ದೇಶದಲ್ಲಿವೆ. ಅವುಗಳ ಹೆಸರು 'ವಿಯಾ ವೆರ್ದೆ', ಅಂದರೆ ಹಸಿರು ದಾರಿ.

ಇವುಗಳಲ್ಲಿ ಹೆಚ್ಚಿನವು ರೈಲು ನಿಂತುಹೋದ ಹಳೆಯ ಮಾರ್ಗಗಳು. ಅವನ್ನು ಸೈಕಲ್ ದಾರಿ ಮಾಡುವ ಯೋಜನೆ 1993ರಲ್ಲಿ ಶುರುವಾಯಿತು. ಈಗ ಒಟ್ಟು ಉದ್ದ 3,000 ಕಿ.ಮೀ.ಗೂ ಹೆಚ್ಚು.

ದಕ್ಷಿಣ ಸ್ಪೇನಿನ ಒಂದು ದಾರಿಯ ಕಥೆಯಂತೂ ವಿಚಿತ್ರ. 1920ರ ದಶಕದಲ್ಲಿ ಅಲ್ಲಿ ರೈಲಿಗಾಗಿ ಬೆಟ್ಟ ಕೊರೆಯತೊಡಗಿದರು. 1936ರಲ್ಲಿ ದೇಶದೊಳಗೇ ಯುದ್ಧ ಹತ್ತಿತು. ಕೆಲಸ ಮುಗಿಯಲೇ ಇಲ್ಲ, ಒಂದು ರೈಲೂ ಓಡಲಿಲ್ಲ. ಕೂಲಿಗಳ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯ್ತು!

ಈಗ ಅದೇ ಜಾಗದಲ್ಲಿ ಪುಯೆರ್ತೊ ಸೆರ್ರಾನೊ ಊರಿನಿಂದ ಓಲ್ವೆರಾವರೆಗೆ 36 ಕಿ.ಮೀ. ಸೈಕಲ್ ದಾರಿ. ನಡುವೆ 30 ಸುರಂಗ, 4 ದೊಡ್ಡ ಸೇತುವೆ. ಸುತ್ತ ಆಲಿವ್ ತೋಪು, ಹೊಲ. ಸಾಫ್ರಮಗೋನ್ ಎಂಬ ಬಂಡೆಬೆಟ್ಟದಲ್ಲಿ ರಣಹದ್ದುಗಳ ಗೂಡುಗಳು. ಓಲ್ವೆರಾದಲ್ಲಿ ಸುಣ್ಣ ಬಳಿದ ಬಿಳಿ ಮನೆಗಳು, ಗುಡ್ಡದ ತುದಿಗೆ ಅರಬರ ಕಾಲದ ಕೋಟೆ.

ಬೆಟ್ಟದ ಸೀಮೆಯಲ್ಲಿ ಸೈಕಲ್ ತುಳಿಯೋದು ಕಷ್ಟವಲ್ಲವೇ? ಇಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ. ಅದಕ್ಕೇ ರೈಲು ಕಡಿದಾದ ಏರು ಹತ್ತಲಾರದು. ಆದ್ದರಿಂದ ಗುಡ್ಡ ಬಂದರೆ ಸುರಂಗ ಕೊರೆದು, ಕಣಿವೆ ಬಂದರೆ ಸೇತುವೆ ಕಟ್ಟಿ, ಏರು ಕಡಿಮೆ ಮಾಡಿದ್ದರು. ಅದರ ಲಾಭ ಈಗ ಸೈಕಲ್ಲಿನವರಿಗೆ.

ರೈಲು ಬರಲಿಲ್ಲ ನಿಜ. ಆದರೆ ಆ ಕೂಲಿಗಳು ಕಡಿದ ದಾರಿಯಲ್ಲಿ ಇಂದು ಮಕ್ಕಳೂ ಹೆದರಿಕೆಯಿಲ್ಲದೆ ಪೆಡಲ್ ತುಳಿಯುತ್ತಾರೆ. ದುಡಿಮೆ ದಂಡವಾಗಲಿಲ್ಲ.