ತೂಕದ ಲೆಕ್ಕ

ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯೇ ದೇಹ ದ್ರವ್ಯರಾಶಿ ಸೂಚ್ಯಂಕ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಲೆಕ್ಕವನ್ನು ಹಾಕಿಕೊಟ್ಟ ಬೆಲ್ಜಿಯಂ ದೇಶದ ಕೆಟ್ಲೆ ವೈದ್ಯನಲ್ಲ, ಗಣಿತಜ್ಞ. ಅವನಿಗೆ ಬೇಕಾಗಿದ್ದುದು ಜನಸಮುದಾಯದ ಸರಾಸರಿಯೇ ಹೊರತು ಒಬ್ಬೊಬ್ಬರ ಆರೋಗ್ಯವಲ್ಲ.

ಭದ್ರಾವತಿಯಲ್ಲಿ ಕಬ್ಬಿಣ ಹೊತ್ತು ಮೈ ಗಟ್ಟಿಯಾದ ಕಾರ್ಮಿಕನನ್ನೂ ಶಿವಮೊಗ್ಗೆಯ ಗಾಂಧಿ ಬಜಾರಿನಲ್ಲಿ ದಿನವಿಡೀ ಕುಳಿತೇ ಇರುವ ವರ್ತಕನನ್ನೂ ಊಹಿಸಿಕೊಳ್ಳಿ. ಇಬ್ಬರ ಎತ್ತರವೂ 1.6 ಮೀಟರ್, ತೂಕವೂ 64 ಕಿಲೋ, ಸೂಚ್ಯಂಕ 25. ಭಾರತೀಯರು 23ನ್ನು ಮುಟ್ಟಿದರೇ ಎಚ್ಚರ ವಹಿಸಬೇಕೆನ್ನುತ್ತಾರೆ ವೈದ್ಯರು. ಕಡಿಮೆ ತೂಕದಲ್ಲಿಯೂ ನಮ್ಮವರಿಗೆ ಸಕ್ಕರೆ ಕಾಯಿಲೆ ತಲೆದೋರುವುದುಂಟು. ಆದರೆ ಕಾರ್ಮಿಕನದು ಸ್ನಾಯುವಿನ ಭಾರ, ವರ್ತಕನದು ಹೊಟ್ಟೆಯ ಕೊಬ್ಬು. ತಕ್ಕಡಿ ಪಾಪ, ಈ ಭೇದವನ್ನರಿಯದು! ಸೊಂಟದ ಸುತ್ತಳತೆಯನ್ನೂ ನೋಡಬೇಕು: ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರಿನೊಳಗಿದ್ದರೆ ಲೇಸು. ಇನ್ನೂ ಬೆಳೆಯುತ್ತಿರುವ ನಿಮಗೆ ಈ ಅಂಕಿಗಳು ಅನ್ವಯಿಸವು. ಬಾಲಕ ಬಾಲಕಿಯರಿಗೆ ವಯಸ್ಸಿಗೆ ತಕ್ಕ ಬೇರೆ ಕೋಷ್ಟಕಗಳಿವೆ.