ತಾವಾಗಿಯೇ ಜೋಡಣೆಗೊಳ್ಳುವ ಪ್ರೋಟೀನುಗಳು

ಗೋಡೆ ಏಳಬೇಕಾದರೆ ಇಟ್ಟಿಗೆಗಳಿದ್ದರೆ ಸಾಲದು, ಜೋಡಿಸುವ ಮೇಸ್ತ್ರಿಯೂ ಬೇಕು. ಆದರೆ ಅನೇಕ ಬ್ಯಾಕ್ಟೀರಿಯಾಗಳ ಹೊರಮೈಯನ್ನು ಆವರಿಸಿರುವ ಪದರವೊಂದಕ್ಕೆ ಮೇಸ್ತ್ರಿಯ ಅಗತ್ಯವಿಲ್ಲ. ಸಾಮಾನ್ಯವಾಗಿ ಒಂದೇ ಬಗೆಯ ಪ್ರೋಟೀನು ಅಣುಗಳು ಒಂದರ ಪಕ್ಕದಲ್ಲೊಂದು ತಾವಾಗಿಯೇ ಸೇರಿ, ಹೆಣೆದ ಜಾಲರಿಯಂತಹ ಹೊದಿಕೆಯನ್ನು ನಿರ್ಮಿಸುತ್ತವೆ. ಇದನ್ನು ‘ಎಸ್-ಪದರ’ ಎಂದು ಕರೆಯಲಾಗುತ್ತದೆ. 1953ರಲ್ಲಿ ಹೌವಿಂಕ್ ಎಂಬ ವಿಜ್ಞಾನಿ ಇಂತಹ ಪದರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ವರ್ಣಿಸಿದರು.

ಬ್ಯಾಕ್ಟೀರಿಯಾಗಳಲ್ಲಿ ಈ ಪದರದ ದಪ್ಪ ಸಾಮಾನ್ಯವಾಗಿ 5ರಿಂದ 10 ನ್ಯಾನೊಮೀಟರ್. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಪದರದ ರಂಧ್ರಗಳು 2ರಿಂದ 8 ನ್ಯಾನೊಮೀಟರ್ ಅಗಲವಿದ್ದು, ಗಾತ್ರದಲ್ಲೂ ಆಕಾರದಲ್ಲೂ ಏಕರೂಪವಾಗಿರುತ್ತವೆ. ಮನುಷ್ಯನು ತಯಾರಿಸುವ ಸೋಸುಪೊರೆಗಳಲ್ಲಿ ಇಷ್ಟು ಸಮನಾದ ರಂಧ್ರಗಳು ದುರ್ಲಭ. ಆದುದರಿಂದಲೇ ವಿಯೆನ್ನಾದ ಊವೆ ಸ್ಲೈಟರ್ ಹಾಗೂ ಸಹೋದ್ಯೋಗಿಗಳು 1980ರ ದಶಕದಲ್ಲಿ ಇದರಿಂದ ಸೋಸುಪೊರೆಗಳನ್ನು ರೂಪಿಸಲು ತೊಡಗಿದರು.

ಯೂರಿಯಾದಂತಹ ರಾಸಾಯನಿಕದ ಗಾಢ ದ್ರಾವಣದಲ್ಲಿ ಅಣುಗಳ ನಡುವಣ ದುರ್ಬಲ ಬಂಧಗಳು ಕಳಚಿ ಪದರವು ಬಿಡಿಬಿಡಿಯಾಗುತ್ತದೆ. ಆ ರಾಸಾಯನಿಕವನ್ನು ತೆಗೆದರೆ ಅಣುಗಳು ಮತ್ತೆ ಅದೇ ವಿನ್ಯಾಸದಲ್ಲಿ ಕೂಡಿಕೊಳ್ಳುತ್ತವೆ. ಜೀವಕೋಶವೇ ಇರಬೇಕೆಂದಿಲ್ಲ, ಗಾಜು, ಸಿಲಿಕಾನ್ ಅಥವಾ ಲೋಹದ ಮೇಲ್ಮೈಯಾದರೂ ಆದೀತು. ಕಟ್ಟಡದ ನಕ್ಷೆಯು ಇಟ್ಟಿಗೆಯಲ್ಲಿಯೇ ಅಡಗಿದೆಯೆಂಬುದು ನ್ಯಾನೊ ತಂತ್ರಜ್ಞರನ್ನು ಆಕರ್ಷಿಸಿದ ಸಂಗತಿ. 1997ರಲ್ಲಿ ಇದನ್ನು ಅಚ್ಚಾಗಿ ಬಳಸಿ ಕ್ಯಾಡ್ಮಿಯಂ ಸಲ್ಫೈಡಿನ ಅತಿಸೂಕ್ಷ್ಮ ಹರಳುಗಳನ್ನು ಸಾಲುಸಾಲಾಗಿ ಬೆಳೆಸಲಾಯಿತು.

ಜನಸಾಮಾನ್ಯರಿಗೆ ಇದಕ್ಕಿಂತ ಹತ್ತಿರವಾದ ನಿದರ್ಶನ ಜರ್ಮನಿಯದು. ಸ್ಯಾಕ್ಸನಿ ಪ್ರಾಂತ್ಯದ ಯೋಹಾನ್‌ಗೆಯೋರ್ಗೆನ್‌ಷ್ಟಾಟ್ ಪಟ್ಟಣದ ಬಳಿ ಎರಡನೆಯ ಮಹಾಯುದ್ಧದ ನಂತರ ಯುರೇನಿಯಂ ಗಣಿಗಾರಿಕೆ ನಡೆಯಿತು. ಅಲ್ಲಿ ಉಳಿದ ತ್ಯಾಜ್ಯದ ದಿಬ್ಬದಲ್ಲಿ ಬದುಕಿದ್ದ ಬ್ಯಾಕ್ಟೀರಿಯಾವೊಂದನ್ನು ಡ್ರೆಸ್ಡೆನ್ ಸಮೀಪದ ರೋಸೆನ್‌ಡಾರ್ಫ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಭ್ಯಸಿಸಿದರು. ಬೇರೆ ಜೀವಿಗಳಿಗೆ ವಿಷವಾದ ನೆಲದಲ್ಲಿ ಅದು ಉಳಿದುದಾದರೂ ಹೇಗೆ? ಅದರ ಎಸ್-ಪದರದ ಕಾರ್ಬಾಕ್ಸಿಲ್ ಮತ್ತು ಫಾಸ್ಫೇಟ್ ಗುಂಪುಗಳು ನೀರಿನಲ್ಲಿ ಕರಗಿದ ಯುರೇನಿಯಮನ್ನು ಹಿಡಿದಿಡುತ್ತವೆಂದು ಕಂಡುಬಂದಿತು. ಈ ಹಿಡಿತವು ಜೀವಕೋಶಕ್ಕೆ ರಕ್ಷಣೆಯಾಗಿರಬಹುದು.

ಬ್ಯಾಕ್ಟೀರಿಯಾವನ್ನೂ ಅದರ ಪದರವನ್ನೂ ಸಿಲಿಕಾದಲ್ಲಿ ಹುದುಗಿಸಿ, ಕಲುಷಿತ ನೀರನ್ನು ಶುದ್ಧಗೊಳಿಸಬಲ್ಲ ಪದಾರ್ಥವನ್ನು ಪ್ರಯೋಗಾಲಯದಲ್ಲಿ ತಯಾರಿಸಲಾಗಿದೆ. ಅದು ಹಿಡಿದ ಲೋಹವನ್ನು ಸಿಟ್ರಿಕ್ ಆಮ್ಲದಿಂದ ತೊಳೆದು ತೆಗೆಯಬಹುದು. ಆದರೆ ಯುರೇನಿಯಂ ಇದರಿಂದ ನಾಶವಾಗುವುದಿಲ್ಲ, ನೀರಿನಿಂದ ಬೇರ್ಪಡುತ್ತದೆ, ಅಷ್ಟೆ. ಬೇರ್ಪಟ್ಟುದನ್ನು ಸುರಕ್ಷಿತವಾಗಿ ಇರಿಸುವ ಹೊಣೆಯನ್ನು ಯಾವ ಪ್ರೋಟೀನೂ ವಹಿಸಿಕೊಳ್ಳದು.