ಊರಿನ ಹೆಸರು ಹೊತ್ತ ಸಂಗೀತ

ಶಿಕ್ಷಕ ತರಬೇತಿ ಮುಗಿಸಿ ಗೋವೆಯ ಬಾರ್ದೇಸ್ ತಾಲೂಕಿನ ಹಳ್ಳಿಯೊಂದರ ಕನ್ನಡ ಶಾಲೆಗೆ ನಾವು ಬಂದು ಸೇರಿದ ಹೊಸತರಲ್ಲಿ, ಅಂದರೆ ೧೯೯೦ರ ದಶಕದ ಕೊನೆಯ ಭಾಗದಲ್ಲಿ, ಚಳಿಗಾಲದ ರಾತ್ರಿಗಳಲ್ಲಿ ಗುಡ್ಡದಾಚೆಯಿಂದ ಒಂದು ಸದ್ದು ಕೇಳಿಬರುತ್ತಿತ್ತು. ಅದರಲ್ಲಿ ಹಾಡಿರಲಿಲ್ಲ, ಮಾತಿರಲಿಲ್ಲ. ಒಂದೇ ಸಮನೆ ಬಡಿಯುವ ಗುದ್ದು ಮಾತ್ರ ಬೆಳಗಿನ ಜಾವದವರೆಗೂ ನಡೆಯುತ್ತಿತ್ತು. ಮೂರನೆಯ ತರಗತಿಯ ಹುಡುಗನೊಬ್ಬ ಪ್ರಾರ್ಥನೆಗೆ ನಿಂತಲ್ಲಿಯೇ ತೂಕಡಿಸುತ್ತಿದ್ದುದನ್ನು ಕಂಡು ಅವನ ತಾಯಿಯನ್ನು ಕರೆಸಿದೆವು. ಗದಗ ಸೀಮೆಯ ತಾಂಡಾದಿಂದ ಬಂದು, ಅಂಜುನೆಯ ಬುಧವಾರದ ಸಂತೆಯಲ್ಲಿ ಮಣಿಸರ, ಕಸೂತಿಯ ಚೀಲಗಳನ್ನು ಮಾರುತ್ತಿದ್ದ ಲಂಬಾಣಿ ಹೆಣ್ಣುಮಗಳು ಆಕೆ.

"ಏನ್ ಮಾಡೂದ್ರಿ ಸರ, ರಾತ್ರಿ ಬೆಳತನಾ ಆ ಬಡಿತ. ನಿದ್ದಿ ಹತ್ತಂಗಿಲ್ಲ. ಇವಗಂತೂ ಅದರದ ಗುಂಗು ಹಿಡದೈತಿ" ಎಂದಳು.

ಆಕೆಯ ಮಾತು ನಿಜವಾಗಿತ್ತು. ಮಗ್ಗಿ ಹೇಳಿಸುವಾಗಲೂ ಹುಡುಗನ ಬೆರಳುಗಳು ಪಾಟಿಯ ಮೇಲೆ ಅದೇ ಬಡಿತವನ್ನು ಹಾಕುತ್ತಿದ್ದವು. "ಅದು ಸಂಗೀತವಲ್ಲ, ಗದ್ದಲ" ಎಂದು ಗದರಿಸಿ ಕೈಕಟ್ಟಿ ಕುಳ್ಳಿರಿಸಿದೆವು.

ಆ ಹುಡುಗ ಈಗ ಮೂವತ್ತೈದರ ಗೃಹಸ್ಥ. ಸಮಾರಂಭಗಳಿಗೆ ಧ್ವನಿವರ್ಧಕಗಳನ್ನು ಕಟ್ಟಿ ಇಳಿಸುವುದು ಅವನ ಉದ್ಯೋಗ. ಕಳೆದ ದೀಪಾವಳಿಗೆ ನಮ್ಮ ಮನೆಗೆ ಬಂದವನು ಫಲಾಹಾರವಾದ ಮೇಲೆ ಒಂದು ಪ್ರಶ್ನೆ ಕೇಳಿದ: "ಸರ, ಜರ್ಮನಿಯವ್ರು, ಇಸ್ರೇಲದವ್ರು ಬಂದು 'ಗೋವಾ ಟ್ರಾನ್ಸ್ ಹಾಕ್ರಿ' ಅಂತಾರ. ಅದಕ್ಕ ನಮ್ಮ ಊರಿನ ಹೆಸರು ಹೆಂಗ ಬಂತ್ರಿ?"

ನಮಗೆ ಉತ್ತರ ತಿಳಿದಿರಲಿಲ್ಲ. ಶಿಷ್ಯನ ಪ್ರಶ್ನೆಗೆ ಉತ್ತರ ತಿಳಿಯದ ಗುರು ಅದನ್ನು ಹುಡುಕಬೇಕಾದುದು ಧರ್ಮ. ಹಾಗೆ ಹುಡುಕಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇವೆ.

ನೆಲಮಾರ್ಗದ ಯಾತ್ರಿಕರು

೧೯೬೧ರ ಡಿಸೆಂಬರಿನಲ್ಲಿ ಗೋವೆ ಪೋರ್ತುಗೀಜರ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ಆ ದಶಕ ಮುಗಿಯುವಷ್ಟರಲ್ಲಿ ಅಮೆರಿಕ, ಯುರೋಪುಗಳ ತರುಣ ತರುಣಿಯರು, ಯುದ್ಧದಿಂದಲೂ ತಮ್ಮ ಸಮಾಜದ ಭೋಗಜೀವನದಿಂದಲೂ ಬೇಸತ್ತು, ಇಸ್ತಾಂಬುಲ್, ತೆಹರಾನ್, ಕಾಬೂಲುಗಳನ್ನು ಹಾದು ನೆಲಮಾರ್ಗವಾಗಿ ಭಾರತಕ್ಕೆ ಬರತೊಡಗಿದರು. ಜನ ಅವರನ್ನು ಹಿಪ್ಪಿಗಳೆಂದು ಕರೆದರು. ಬೇಸಗೆಯಲ್ಲಿ ಹಿಮಾಲಯದ ತಪ್ಪಲು, ಚಳಿಗಾಲದಲ್ಲಿ ಗೋವೆಯ ಕಲಂಗೂಟ, ಬಾಗಾ, ಅಂಜುನೆಗಳ ಕಡಲತೀರ ಅವರ ಬೀಡಾದವು. ಎಂಟು ಬೆರಳಿನ ಎಡ್ಡಿ ಎಂದು ಹೆಸರಾದ ಅಮೆರಿಕದ ಹಿರಿಯನೊಬ್ಬ ಅವರ ನಡುವೆ ಮನೆಯ ಯಜಮಾನನಂತಿದ್ದ. ೨೦೧೦ರಲ್ಲಿ ಗೋವೆಯಲ್ಲಿಯೇ ಆತ ಕಣ್ಮುಚ್ಚಿದ. ಕೈಯಲ್ಲಿದ್ದ ಹಣ ತೀರಿದವರು ತಮ್ಮ ಬಟ್ಟೆ, ಪುಸ್ತಕ, ವಾದ್ಯಗಳನ್ನು ಮಾರಿ ಊರಿಗೆ ಮರಳಲೆಂದು ೧೯೭೦ರ ದಶಕದ ಮಧ್ಯದಲ್ಲಿ ಆರಂಭವಾದದ್ದೇ ಅಂಜುನೆಯ ಸಂತೆ. ಮುಂದೆ ಅಲ್ಲಿಯೇ ನಮ್ಮ ಲಂಬಾಣಿ ಹೆಣ್ಣುಮಕ್ಕಳು ಹಾಸುಬಟ್ಟೆ ಹಾಸಿ ವ್ಯಾಪಾರಕ್ಕೆ ಕುಳಿತರು.

ಮೊದಮೊದಲು ಮರಳಿನ ಮೇಲೆ ಬೆಂಕಿ ಹಾಕಿ, ಗಿಟಾರು ನುಡಿಸಿ, ಡೋಲು ಬಡಿದು ಕುಣಿಯುತ್ತಿದ್ದರು. ಅನಂತರ ವಿದ್ಯುತ್ ಉಪಕರಣಗಳೂ ರಾಕ್ ಸಂಗೀತವೂ ಬಂದವು. ಸಾನ್‌ಫ್ರಾನ್ಸಿಸ್ಕೋದಿಂದ ತಾರುಣ್ಯದಲ್ಲಿಯೇ ಬಂದಿದ್ದ ಗಿಲ್ಬರ್ಟ್ ಲೆವಿ ಎಂಬಾತ ಸಾಧುಗಳ ಅಖಾಡಾದಲ್ಲಿ ದೀಕ್ಷೆ ಪಡೆದ. ಹುಣ್ಣಿಮೆಯ ರಾತ್ರಿಗಳಲ್ಲಿ ಸಂಗೀತಕೂಟಗಳನ್ನು ನಡೆಸಿದ. ಜಗತ್ತು ಅವನನ್ನು 'ಗೋವಾ ಗಿಲ್' ಎಂದು ಬಲ್ಲದು. ೨೦೨೩ರ ಅಕ್ಟೋಬರಿನಲ್ಲಿ ಅವನು ತೀರಿಕೊಂಡ.

ಯಂತ್ರವಾದ್ಯದ ಪ್ರವೇಶ

೧೯೮೦ರ ದಶಕದಲ್ಲಿ ದೊಡ್ಡ ಮಾರ್ಪಾಟಾಯಿತು. ಜರ್ಮನಿಯ ಕ್ರಾಫ್ಟ್‌ವೆರ್ಕ್ ಮೊದಲಾದ ತಂಡಗಳು ಯಂತ್ರವಾದ್ಯಗಳಿಂದಲೇ ಸಂಗೀತ ರಚಿಸತೊಡಗಿದ್ದವು. ಲೊರಾಂ ಎಂಬ ಫ್ರೆಂಚ್ ಡಿಜೆ ಮೊದಲಾದವರು ಅಂಥ ರಚನೆಗಳನ್ನು ಗೋವೆಗೆ ತಂದರು. ಅವರು ಮಾಡಿದ ಕೆಲಸ ಕುತೂಹಲಕರವಾದುದು. ಹಾಡಿನಲ್ಲಿ ಗಾಯನವಿದ್ದ ಭಾಗಗಳನ್ನು ತೆಗೆದುಹಾಕಿ, ಬರಿಯ ವಾದ್ಯದ ಭಾಗಗಳನ್ನು ಕ್ಯಾಸೆಟ್ಟಿನ ಮೇಲೆ ಮತ್ತೆ ಮತ್ತೆ ಜೋಡಿಸಿ ಉದ್ದ ಮಾಡಿದರು. ಕುಣಿಯುವವರು ಹತ್ತು ದೇಶದವರು. ಒಬ್ಬರ ನುಡಿ ಇನ್ನೊಬ್ಬರಿಗೆ ತಿಳಿಯದು. ಮಾತು ಕಿವಿಗೆ ಬಿದ್ದೊಡನೆ ಮನಸ್ಸು ಅರ್ಥದ ಬೆನ್ನು ಹತ್ತುತ್ತದೆ. ಮಾತನ್ನು ಕಳೆದರೆ ಉಳಿಯುವುದು ಲಯವೊಂದೇ.

ಉಪಕರಣದ ಮಿತಿಯೂ ಸಂಗೀತದ ರೂಪವನ್ನು ತಿದ್ದಿತು. ಕರಿಯ ಧ್ವನಿಮುದ್ರಿಕೆಗಳು ಗೋವೆಯ ಬಿಸಿಲಿಗೆ ಬಾಗಿ, ಮರಳಿಗೆ ಗೀರಾಗುತ್ತಿದ್ದವು. ಆದ್ದರಿಂದ ಕ್ಯಾಸೆಟ್ಟುಗಳೂ, ೧೯೮೭ರಲ್ಲಿ ಸೋನಿ ಕಂಪನಿ ಹೊರತಂದ 'ಡ್ಯಾಟ್' ಎಂಬ ಪುಟ್ಟ ಅಂಕೀಯ ಸುರುಳಿಗಳೂ ಬಳಕೆಗೆ ಬಂದವು. ಡ್ಯಾಟ್ ಯಂತ್ರದಲ್ಲಿ ವೇಗವನ್ನು ಹೆಚ್ಚುಕಡಿಮೆ ಮಾಡಿ ಎರಡು ರಚನೆಗಳ ತಾಳ ಕೂಡಿಸುವುದು ಸುಲಭವಲ್ಲ. ಅದಕ್ಕಾಗಿಯೇ ರಚನೆಯ ಆದಿ ಅಂತ್ಯಗಳಲ್ಲಿ ತಾಳವಿಲ್ಲದ, ಆಲಾಪದಂಥ ನೀಳವಾದ ಭಾಗಗಳನ್ನು ಇರಿಸುವ ರೂಢಿ ಬೆಳೆಯಿತು.

ಮಳೆಗಾಲದಲ್ಲಿ ಇವರೆಲ್ಲ ಲಂಡನ್, ಹ್ಯಾಂಬರ್ಗ್, ಟೆಲ್ ಅವೀವ್‌ಗಳಿಗೆ ಮರಳುತ್ತಿದ್ದರು. ಅಲ್ಲಿ ಹೊಸ ರಚನೆಗಳನ್ನು ಮಾಡಿ ಚಳಿಗಾಲಕ್ಕೆ ಮತ್ತೆ ಗೋವೆಗೆ ತರುತ್ತಿದ್ದರು. ಲಂಡನ್ನಿನಲ್ಲಿ ೧೯೯೩ರಲ್ಲಿ ಡ್ರಾಗನ್‌ಫ್ಲೈ, ೧೯೯೪ರಲ್ಲಿ ಟಿಪ್ ಎಂಬ ಧ್ವನಿಮುದ್ರಣ ಸಂಸ್ಥೆಗಳು ಹುಟ್ಟಿದವು. ೧೯೯೪ರ ಡಿಸೆಂಬರಿನಲ್ಲಿ ಪಾಲ್ ಓಕನ್‌ಫೋಲ್ಡ್ ಬಿಬಿಸಿ ಬಾನುಲಿಯಲ್ಲಿ 'ಗೋವಾ ಮಿಕ್ಸ್' ಎಂಬ ಕಾರ್ಯಕ್ರಮ ನಡೆಸಿಕೊಟ್ಟಾಗ ಮನೆಮನೆಗೂ ಆ ಹೆಸರು ಮುಟ್ಟಿತು. ೧೯೯೫ರಲ್ಲಿ ಸೈಮನ್ ಪೋಸ್‌ಫರ್ಡ್ 'ಹಲ್ಯೂಸಿನೊಜೆನ್' ಎಂಬ ಹೆಸರಿನಲ್ಲಿ ಹೊರತಂದ 'ಟ್ವಿಸ್ಟೆಡ್' ಇಂದಿಗೂ ಈ ಪ್ರಕಾರದ ಆಕರಕೃತಿಯೆನಿಸಿದೆ. ಶಿಷ್ಯನ ಪ್ರಶ್ನೆಗೆ ಉತ್ತರ ಇದೇ. ಸಂಗೀತ ರಚನೆಯಾದದ್ದು ಬಹುಮಟ್ಟಿಗೆ ಯುರೋಪಿನ, ಇಸ್ರೇಲಿನ ಕೋಣೆಗಳಲ್ಲಿ. ಆದರೆ ಅದನ್ನು ಒರೆಗೆ ಹಚ್ಚಿದ್ದು ಗೋವೆಯ ಮರಳಿನಲ್ಲಿ.

ಬಡಿತದ ಗಣಿತ

ಶಿಷ್ಯ ಒಂದು ರಚನೆಯನ್ನು ಸಣ್ಣ ದನಿಯಲ್ಲಿ ನಮಗೆ ಕೇಳಿಸಿದ. ಕಾಗದ, ಸೀಸದಕಡ್ಡಿ ಹಿಡಿದು ಕುಳಿತೆವು. ನಿಮಿಷಕ್ಕೆ ಸುಮಾರು ೧೪೫ ಬಡಿತ. ವಿಶ್ರಾಂತಿಯಲ್ಲಿರುವ ಮನುಷ್ಯನ ಎದೆಬಡಿತ ೭೨ರಷ್ಟೆಂದರೆ, ಇದು ಅದರ ಇಮ್ಮಡಿ. ಪ್ರತಿ ಬಡಿತದಲ್ಲಿ ನಾಲ್ಕು ಅಂಶ: 'ತಕಧಿಮಿ' ಎಂದುಕೊಳ್ಳಿ. 'ತ' ಎಂಬಲ್ಲಿ ಡೋಲಿನ ಗುದ್ದು, 'ಕಧಿಮಿ' ಎಂಬಲ್ಲಿ ಮಂದ್ರಸ್ಥಾಯಿಯ ಮೂರು ಸ್ವರ. ನಿಮಿಷಕ್ಕೆ ೫೮೦ ಅಂಶ, ಸೆಕೆಂಡಿಗೆ ಹತ್ತಿರ ಹತ್ತಿರ ಹತ್ತು! ಬಂಡಿಯ ಗಾಲಿ ಉರುಳಿದಂತೆ ಅದು ಉರುಳುತ್ತಲೇ ಇರುತ್ತದೆ. ಒಂದೊಂದು ರಚನೆ ಏಳರಿಂದ ಹತ್ತು ನಿಮಿಷ ನಡೆಯುತ್ತದೆ.

ಬಡಿತದ ಮೇಲೆ ಪದರು ಪದರಾಗಿ ಸ್ವರಗಳು ಸುತ್ತುತ್ತವೆ. ಅವು ಹೆಚ್ಚಾಗಿ ಆಯ್ದುಕೊಳ್ಳುವ ಸ್ವರಶ್ರೇಣಿಗಳಲ್ಲಿ ಒಂದು ನಮ್ಮ ಹನುಮತೋಡಿಯ ಸ್ವರಗಳಿಗೂ, ಇನ್ನೊಂದು ವಕುಳಾಭರಣದ ಸ್ವರಗಳಿಗೂ ಸಮ. ಸ್ವರಗಳು ಒಂದೇ ಆದರೂ ಅದು ರಾಗವಲ್ಲ, ಗಮಕವಿಲ್ಲ, ಸಂಚಾರವಿಲ್ಲ. ನಮ್ಮವನೇ ಆದ ಮುಂಬಯಿಯ ಚಲನಚಿತ್ರ ವಾದ್ಯಗಾರ ಚರಣಜೀತ್ ಸಿಂಗ್ ೧೯೮೦ರ ದಶಕದ ಆರಂಭದಲ್ಲಿಯೇ ಜಪಾನಿನ ರೋಲೆಂಡ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಕೆ ತಂದಿದ್ದ. ಆಗ ಅದನ್ನು ಕೇಳುವವರೇ ಇರಲಿಲ್ಲ. ೨೦೧೦ರಲ್ಲಿ ಮರುಮುದ್ರಣವಾದಾಗ ಪಾಶ್ಚಾತ್ಯರು ಬೆರಗಾದರು.

'ಟ್ರಾನ್ಸ್' ಎಂದರೆ ಮೈಮರೆವು, ಆವೇಶ. ಡೊಳ್ಳಿನ ಬಡಿತ ಏರಿದಂತೆ ಮೈಮೇಲೆ ದೇವರು ಬರುವುದನ್ನು ಕಂಡು ಬೆಳೆದ ನಮಗೆ ಇದು ಅಪರಿಚಿತವಲ್ಲ. ಆದರೆ ನಮ್ಮಲ್ಲಿ ಆವೇಶಕ್ಕೆ ಹೊತ್ತುಂಟು, ವ್ರತವುಂಟು, ಇಳಿಸುವ ಹಿರಿಯರುಂಟು. ಈ ವ್ಯತ್ಯಾಸವನ್ನು ಮರೆಯಬಾರದು.

ಒಂದು ಬೇರು, ಹಲವು ಕವಲು

೧೯೯೦ರ ದಶಕದ ಕೊನೆಗೆ ಇಂಪಾದ ಸ್ವರಮಾಲೆಗಳು ಕಡಿಮೆಯಾಗಿ, ಮಂದ್ರದ ಉರುಳುವಿಕೆಯೂ ವಿಚಿತ್ರ ಧ್ವನಿಗಳೂ ಮುಂದೆ ಬಂದವು. ಇದೇ ಸೈಕೆಡೆಲಿಕ್ ಟ್ರಾನ್ಸ್, ಸಂಕ್ಷೇಪವಾಗಿ ಸೈಟ್ರಾನ್ಸ್. ಅದರ ಕವಲುಗಳಲ್ಲಿ ಮುಖ್ಯವಾದವು ಇವು:

ನಿತ್ಸಹೊನೋತ್: ಹೀಬ್ರೂ ನುಡಿಯಲ್ಲಿ 'ವಿಜಯಗಳು' ಎಂದರ್ಥ. ೧೯೯೦ರ ದಶಕದಲ್ಲಿ ಇಸ್ರೇಲಿನಲ್ಲಿ ಬೆಳೆದ, ವೇಗವೂ ರಾಗಮಾಧುರ್ಯವೂ ಉಳ್ಳ ಪ್ರಕಾರ.

ಫುಲ್-ಆನ್: ಇದೂ ಇಸ್ರೇಲಿನಲ್ಲಿ ಬಲಗೊಂಡದ್ದು. ೧೯೯೨ರಲ್ಲಿ ಭಾರತ–ಇಸ್ರೇಲ್ ರಾಜತಾಂತ್ರಿಕ ಸಂಬಂಧ ಏರ್ಪಟ್ಟ ಮೇಲೆ, ಸೈನ್ಯಸೇವೆ ಮುಗಿಸಿದ ಆ ದೇಶದ ತರುಣರು ಗುಂಪು ಗುಂಪಾಗಿ ಗೋವೆಗೆ ಬಂದರು. ಹೈಫಾ ನಗರದ 'ಇನ್ಫೆಕ್ಟೆಡ್ ಮಶ್ರೂಮ್' ಇಲ್ಲಿಯ ಪ್ರಸಿದ್ಧ ಜೋಡಿ.

ಪ್ರೋಗ್ರೆಸಿವ್: ಸ್ಕ್ಯಾಂಡಿನೇವಿಯ, ಜರ್ಮನಿಗಳಲ್ಲಿ ಬೆಳೆದದ್ದು, ನಿಧಾನಗತಿ, ನಿಮಿಷಕ್ಕೆ ೧೩೦ರಿಂದ ೧೩೮ರ ಆಸುಪಾಸು. ಮೆಲ್ಲಮೆಲ್ಲನೆ ಬದಲಾಗುವುದೇ ಇದರ ಸೊಗಸು.

ಡಾರ್ಕ್ ಮತ್ತು ಫಾರೆಸ್ಟ್: ನಿಮಿಷಕ್ಕೆ ೧೫೦ನ್ನು ಮೀರುವ ಕರಾಳ ಪ್ರಕಾರಗಳು. ಎರಡನೆಯದರಲ್ಲಿ ಕೀಟಗಳ ಝೇಂಕಾರ, ನೀರಿನ ಸದ್ದು, ಇರುಳಿನ ಕಾಡಿನ ಭಾವ.

ಸುವೊಮಿಸೌಂಡಿ: ಫಿನ್‌ಲ್ಯಾಂಡಿನವರ ಸ್ವಚ್ಛಂದ ಶೈಲಿ, ಹಾಸ್ಯವೂ ಅದರಲ್ಲುಂಟು.

ಹೈಟೆಕ್: ೧೭೦ರಿಂದ ೨೦೦ರವರೆಗೂ ಅದಕ್ಕೂ ಮೇಲೆಯೂ ಓಡುವ ಬಡಿತ. ನಮ್ಮ ವಯಸ್ಸಿನವರಿಗೆ ಸಲ್ಲದು.

ಸೈಬಿಯೆಂಟ್: ಕುಣಿದು ದಣಿದವರಿಗೆಂದು ರೂಪುಗೊಂಡ ಶಾಂತ ಪ್ರಕಾರ. ಪೋಸ್‌ಫರ್ಡ್ ಮತ್ತು ಆಸ್ಟ್ರೇಲಿಯ ಮೂಲದ ಕೊಳಲುವಾದಕ ರಾಜಾರಾಂ ಕೂಡಿ 'ಶ್ಪಾಂಗಲ್' ಎಂಬ ಹೆಸರಿನಲ್ಲಿ ೧೯೯೮ರಲ್ಲಿ ತಂದ ಮೊದಲ ಕೃತಿ ಇದಕ್ಕೆ ಮಾದರಿ. ನಮಗೆ ಹಿಡಿಸಿದ್ದೂ ಇದೇ.

ಇಂದು ಪೋರ್ತುಗಾಲದ ಬೂಮ್, ಹಂಗೆರಿಯ ಓಜೋರಾ ಮೊದಲಾದ ಕಡೆ ಈ ಸಂಗೀತದ ದೊಡ್ಡ ಜಾತ್ರೆಗಳೇ ನಡೆಯುತ್ತವೆ. ೨೦೨೩ರ ಅಕ್ಟೋಬರ್ ೭ರಂದು ಇಸ್ರೇಲಿನ ದಕ್ಷಿಣ ಗಡಿಯಲ್ಲಿ ಹಮಾಸ್‌ನ ದಾಳಿಗೆ ಸಿಕ್ಕಿ ಮುನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತದ್ದು ಇಂಥದೇ ಒಂದು ಉತ್ಸವದಲ್ಲಿ, ಬೆಳಗಿನವರೆಗೆ ಕುಣಿಯಲೆಂದು ನೆರೆದವರ ನಡುವೆ.

ಸಿಹಿಯ ಜೊತೆಗಿನ ಕಹಿ

'ಸೈಕೆಡೆಲಿಕ್' ಎಂಬ ಪದವನ್ನು ೧೯೫೬ರಲ್ಲಿ ಟಂಕಿಸಿದವನು ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯ. 'ಮನಸ್ಸನ್ನು ಪ್ರಕಟಗೊಳಿಸುವಂಥದು' ಎಂದರ್ಥ. ಅವನು ಅದನ್ನು ಬಳಸಿದ್ದು ಸಂಗೀತಕ್ಕಲ್ಲ, ಎಲ್‌ಎಸ್‌ಡಿಯಂಥ ಮಾದಕದ್ರವ್ಯಗಳಿಗೆ. ಸಂಗೀತದ ಹೆಸರಿನಲ್ಲಿಯೇ ಆ ನೆರಳಿದೆ. ಅದನ್ನು ಮುಚ್ಚಿಡುವುದು ಸತ್ಯವಾಗದು. ೧೯೮೫ರ ಮಾದಕವಸ್ತು ಕಾಯಿದೆಯ ಪ್ರಕಾರ ಅವನ್ನು ಇಟ್ಟುಕೊಳ್ಳುವುದೂ ಘೋರ ಅಪರಾಧ. ಶಿಷ್ಯನನ್ನು ಕೇಳಿದೆವು. ಕ್ಷಣಹೊತ್ತು ಸುಮ್ಮನಿದ್ದು ಹೇಳಿದ: "ನಸುಕಿನ್ಯಾಗ ವಾಯರ್ ಸುತ್ತಾಕ ಹೋದಾಗ, ಎಚ್ಚರ ಇಲ್ಲದ ಬಿದ್ದ ಹುಡುಗರನ್ನ ನಾನ ಎಷ್ಟೋ ಸಲ ಎಬ್ಬಿಸೀನ್ರಿ ಸರ. ಒಬ್ಬವ ಏಳಲೇ ಇಲ್ಲ. ಅವತ್ತಿಂದ ನನ್ನ ತಮ್ಮಗ ಈ ಕೆಲಸಕ್ಕ ಬ್ಯಾಡಂದೀನಿ. ಆದ್ರ ಸಂಗೀತ ಕೆಟ್ಟದ್ದಲ್ಲರಿ. ನಾನು ಚಾ ಕುಡಕೋತ ಕೇಳ್ತೀನಿ, ನನಗೇನೂ ಆಗಿಲ್ಲ."

ಇದಕ್ಕಿಂತ ಉತ್ತಮವಾದ ನೀತಿಪಾಠವನ್ನು ನಾವು ಮೂರು ದಶಕಗಳಲ್ಲಿ ಹೇಳಿದಂತೆ ನೆನಪಿಲ್ಲ.

ಇನ್ನು ಊರಿನವರ ಪಾಲು. ಆ ಕೂಟಗಳಲ್ಲಿ ಗೋವೆಯ ತಾಯಂದಿರು ಚಾಪೆ ಹಾಸಿ, ಸೀಮೆಎಣ್ಣೆಯ ದೀಪವಿಟ್ಟು, ರಾತ್ರಿಯಿಡೀ ಚಹಾ ಮಾರಿ ಮಕ್ಕಳನ್ನು ಓದಿಸಿದರು. ನಮ್ಮ ಲಂಬಾಣಿ ತಾಯಂದಿರ ಮಣಿಸರಗಳನ್ನು ಧರಿಸಿ ವಿದೇಶೀಯರು ಕುಣಿದರು. ಹಾಗೆಯೇ ನಿದ್ದೆ ಕೆಟ್ಟ ವೃದ್ಧರು, ಓದು ಕೆಟ್ಟ ಮಕ್ಕಳು ಕೂಡ ಊರಿನವರೇ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬ ನಿಯಮ ೨೦೦೦ದಲ್ಲಿ ಬಂದದ್ದು ಅವರ ಪುಣ್ಯ. ಸಂಗೀತಕ್ಕೆ ಊರಿನ ಹೆಸರು ಸಿಕ್ಕಿತು. ಊರಿನವರ ಹೆಸರು ಮಾತ್ರ ಎಲ್ಲಿಯೂ ದಾಖಲಾಗಲಿಲ್ಲ. ಗಡಿಯಾಚೆ ನೆಲೆಸಿ, ಊರು ಕಟ್ಟಿಯೂ ಊರಿನವರೆನಿಸದ ನಮ್ಮಂಥವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಹೊರಡುವಾಗ ಶಿಷ್ಯ ಕಾಲಿಗೆರಗಿದ. ಅಂದು ಅವನ ಬೆರಳುಗಳನ್ನು ಕಟ್ಟಿಸಿದ್ದು ನಮ್ಮ ತಪ್ಪೆಂದು ಹೇಳಿದೆವು. "ಅದರಾಗ ಏನೈತ್ರಿ ಸರ, ನಮ್ಮ ಊರಿನ ಸಂಗೀತ ಅಂತ ಅವತ್ತ ಯಾರಿಗೂ ಗೊತ್ತಿರಲಿಲ್ಲ" ಎಂದು ನಕ್ಕ. ಗದಗದ ತಾಂಡಾದ ಮಗ ಗೋವೆಯನ್ನು 'ನಮ್ಮ ಊರು' ಎಂದುದನ್ನು ನಾವು ಗಮನಿಸಿದೆವು. ಅವನನ್ನು ತಿದ್ದಲು ಹೋಗಲಿಲ್ಲ.